ಹೊಸ ತೊಟ್ಟಿಗೆ ಬಂದ ಬೆಟ್ಟಾ ಮೀನು

ಅಂಗಡಿಯಿಂದ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುವ ‘ಫೈಟರ್’ ಮೀನು, ಅಂದರೆ ಬೆಟ್ಟಾ, ಮೂಲತಃ ಥಾಯ್ಲೆಂಡಿನ ಗದ್ದೆ, ಜೌಗುಗಳ ಜೀವಿ. ಮೇಲೆ ಬಂದು ಗಾಳಿಯನ್ನೂ ಉಸಿರಾಡಬಲ್ಲ ಈ ಗಟ್ಟಿ ಜೀವಕ್ಕೂ ನೀರಿನ ಹಠಾತ್ ಬದಲಾವಣೆ ಮಾರಕವಾಗಬಲ್ಲದು.

ಆದುದರಿಂದ ಮೀನು ಬರುವ ಮೊದಲೇ ತೊಟ್ಟಿ ಸಿದ್ಧವಾಗಿರಬೇಕು. ನಲ್ಲಿನೀರಿನ ಕ್ಲೋರಿನ್ ಕಿವಿರುಗಳಿಗೆ ಹಾನಿಕರ. ಅದರ ನಿವಾರಕವನ್ನು ಬೆರೆಸಬೇಕು. ನೀರು 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ. ನೀಲಗಿರಿಯ ಚಳಿಗೆ ಹೀಟರ್ ಅಗತ್ಯ.

ಚೀಲವನ್ನು ಬಿಚ್ಚದೆ 15–20 ನಿಮಿಷ ತೊಟ್ಟಿಯಲ್ಲಿ ತೇಲಬಿಟ್ಟರೆ ಎರಡೂ ನೀರಿನ ಶಾಖ ಸಮವಾಗುತ್ತದೆ. ಬಳಿಕ ಅರ್ಧ ಗಂಟೆಯವರೆಗೆ ಚೀಲಕ್ಕೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಮೃದುವಾದ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡಬೇಕು. ಚೀಲದ ಮಲಿನ ನೀರು ತೊಟ್ಟಿಗೆ ಬೀಳಬಾರದು.

ಮೊದಲ ದಿನ ಅದು ಮೂಲೆ ಹಿಡಿದು ಆಹಾರ ಮುಟ್ಟದಿರಬಹುದು. ದೀಪವಾರಿಸಿ, ಗಾಜು ತಟ್ಟದೆ ಕಾಯುವ ಮಕ್ಕಳ ತಾಳ್ಮೆಯೇ ಅದಕ್ಕೆ ಮೊದಲ ಆರೈಕೆ.