ಆಟೊಮ್ಯಾಟಿಕ್ ಕೈಗಡಿಯಾರಕ್ಕೆ ಕೀಲಿ ಸಾಲದಾದಾಗ

ಕೈ ಅಲುಗಿದಂತೆಲ್ಲ ತಾನೇ ಕೀಲಿ ಕೊಟ್ಟುಕೊಳ್ಳುವ ಕೈಗಡಿಯಾರವನ್ನು ನೀವು ನೋಡಿರಬಹುದು. ಬೆಂಗಳೂರಿನ ಎಚ್‌ಎಂಟಿ ತಯಾರಿಸುತ್ತಿದ್ದ ‘ಕಾಂಚನ್’ ಇಂಥದೊಂದು. ವರ್ಷಗಟ್ಟಲೆ ಸರಿಯಾಗಿ ನಡೆದ ಗಡಿಯಾರ, ಧರಿಸುವವರು ನಿವೃತ್ತರಾಗಿ ಓಡಾಟ ಕಡಿಮೆಯಾದೊಡನೆ ಹಿಂದೆ ಬೀಳತೊಡಗುವುದುಂಟು. ರಿಪೇರಿಯವರು ವೇಗ ಹೊಂದಿಸುವ ಕಡ್ಡಿಯನ್ನು ತುಸು ಸರಿಸಿ ಕೊಡುತ್ತಾರೆ. ಆದರೆ ದೋಷ ಅಲ್ಲಿರದೆ ಕೀಲಿಯ ಕೊರತೆಯಲ್ಲಿದ್ದರೆ?

ಇಂಥ ಗಡಿಯಾರದಲ್ಲಿ ಕಾಲ ಅಳೆಯುವುದು ಬ್ಯಾಲೆನ್ಸ್ ಚಕ್ರ. ಎಳೆಯಂಥ ಸುರುಳಿ ಸ್ಪ್ರಿಂಗಿನ ನೆರವಿನಿಂದ ಅದು ಅತ್ತಿತ್ತ ತೂಗುತ್ತದೆ. ಗಂಟೆಗೆ 21,600 ತೂಗುಗಳೆಂದರೆ ಸೆಕೆಂಡಿಗೆ ಆರು. ತೂಗು ದೊಡ್ಡದಿರಲಿ ಚಿಕ್ಕದಿರಲಿ, ತಗಲುವ ಕಾಲ ಒಂದೇ ಎಂಬುದು ಆದರ್ಶ ಸ್ಥಿತಿ. ನಿಜವಾದ ಗಡಿಯಾರದಲ್ಲಿ ಹಾಗಾಗುವುದಿಲ್ಲ.

ಮುಖ್ಯ ಸ್ಪ್ರಿಂಗ್ ಪೂರ್ತಿ ಸುತ್ತಿದ್ದಾಗ ಚಕ್ರ ಮಧ್ಯಸ್ಥಾನದಿಂದ ಸುಮಾರು 270ರಿಂದ 310 ಡಿಗ್ರಿ ತಿರುಗುತ್ತದೆ. ಇದೇ ಅದರ ಪಾರ. ಸ್ಪ್ರಿಂಗ್ ಬಿಚ್ಚಿಕೊಂಡಂತೆ ಬಲ ತಗ್ಗಿ ಪಾರವೂ ಕುಗ್ಗುತ್ತದೆ. ಆಗ ಚಕ್ರವನ್ನು ತಳ್ಳುವ ಕವಲಿನಿಂದಾಗುವ ಅಡಚಣೆಯ ಪಾಲು ಹೆಚ್ಚುತ್ತದೆ. ಎಳೆ ಸ್ಪ್ರಿಂಗು ವೇಗ ಹೊಂದಿಸುವ ಎರಡು ಪಿನ್ನುಗಳ ನಡುವೆ ಅವನ್ನು ಮುಟ್ಟದೆ ಇರುವ ಕಾಲವೂ ಹೆಚ್ಚುತ್ತದೆ. ಅಂದರೆ ಅದು ತುಸು ಉದ್ದವಾದಂತೆಯೇ. ಎರಡರ ಫಲವೂ ಹಿಂದೆ ಬೀಳುವುದು. ಇನ್ನೊಂದು ಸ್ವಾರಸ್ಯವಿದೆ. ಚಕ್ರದ ಒಂದು ಪಕ್ಕ ಕೊಂಚ ಭಾರವಾಗಿದ್ದು ಗಡಿಯಾರ ನೆಟ್ಟಗೆ ನಿಂತಿದ್ದರೆ, ಪಾರ 220 ಡಿಗ್ರಿಗಿಂತ ಹೆಚ್ಚಿದ್ದಾಗ ಗಡಿಯಾರವನ್ನು ಮುಂದೆ ಓಡಿಸುವ ದೋಷವೇ ಅದಕ್ಕಿಂತ ಕಡಿಮೆಯಾದಾಗ ಹಿಂದೆ ಎಳೆಯುತ್ತದೆ!

ಹಾಗಾದರೆ ದಿನವಿಡೀ ಕೈ ಬೀಸುವವರ ಗಡಿಯಾರದಲ್ಲಿ ಸ್ಪ್ರಿಂಗ್ ತುಂಡಾಗಬೇಕಲ್ಲವೆ? ಇಲ್ಲ. ಆಟೊಮ್ಯಾಟಿಕ್‌ನಲ್ಲಿ ಸ್ಪ್ರಿಂಗಿನ ಹೊರತುದಿಯನ್ನು ಡಬ್ಬಿಗೆ ಬಿಗಿದಿರುವುದಿಲ್ಲ. ಅದು ಡಬ್ಬಿಯ ಒಳಗೋಡೆಗೆ ಒತ್ತಿಕೊಂಡಿದ್ದು, ಸುತ್ತು ಪೂರ್ಣವಾದೊಡನೆ ಜಾರುತ್ತದೆ. ಈ ಜಾರುವಿಕೆಗೆ ತಕ್ಕ ಗ್ರೀಸ್ ಬೇಕು. ಬೇಗ ಜಾರಿದರೆ ಕೀಲಿ ಎಂದೂ ತುಂಬದು. ತಡವಾಗಿ ಜಾರಿದರೆ ಚಕ್ರ ಮಿತಿಮೀರಿ ತಿರುಗಿ, ಅದರ ಪಿನ್ನು ಕವಲಿಗೆ ಹೊರಗಿನಿಂದ ಬಡಿಯುತ್ತದೆ. ಗಡಿಯಾರ ನಿಮಿಷಗಟ್ಟಲೆ ಮುಂದೆ ಓಡಬಹುದು.

ನೀವೇ ಪರೀಕ್ಷಿಸಿ ನೋಡಿ. ತಿರುಪನ್ನು 30-40 ಸುತ್ತು ತಿರುಗಿಸಿ ಪೂರ್ತಿ ಕೀಲಿ ಕೊಡಿ. (ಕೆಲವು ಮಾದರಿಗಳಲ್ಲಿ ತಿರುಪಿನಿಂದ ಕೀಲಿ ಕೊಡಲಾಗದು, ಅವನ್ನು ಒಂದು ದಿನ ಚೆನ್ನಾಗಿ ಓಡಾಡಿ ಧರಿಸಿ.) ಮುಖ ಮೇಲಾಗಿ ಮೇಜಿನ ಮೇಲಿಟ್ಟು, ಮೊಬೈಲಿನ ಗಂಟೆಯೊಂದಿಗೆ 12, 24 ಹಾಗೂ 36 ಗಂಟೆಗಳ ನಂತರ ಹೋಲಿಸಿ. ದಿನಕ್ಕೆ 10 ಸೆಕೆಂಡಿನ ವ್ಯತ್ಯಾಸವನ್ನು ದೋಷವೆನ್ನಬೇಡಿ. 86,400ರಲ್ಲಿ ಅದು ಹತ್ತು ಮಾತ್ರ. ಮೂರೂ ಅವಧಿಗಳಲ್ಲಿ ಒಂದೇ ಸಮನೆ ಹಿಂದೆ ಬಿದ್ದರೆ ಕಡ್ಡಿ ಸರಿಸಿದರೆ ಸಾಕು. ಕೊನೆಯ ಅವಧಿಯಲ್ಲಷ್ಟೇ ಹಿಂದೆ ಬಿದ್ದರೆ ಕಡ್ಡಿಯನ್ನು ಮುಟ್ಟಗೊಡಬೇಡಿ, ದಿನವೂ ಬೆಳಗ್ಗೆ ಕೆಲವು ಸುತ್ತು ಕೀಲಿ ಕೊಡಿ. ಪೂರ್ತಿ ಕೀಲಿ ಕೊಟ್ಟರೂ 24 ಗಂಟೆಯೊಳಗೆ ನಿಂತಿತೆ? ಡಬ್ಬಿ ಬಿಚ್ಚಿ ಶುಚಿಮಾಡಿ ಎಣ್ಣೆ ಹಾಕುವವರ ಬಳಿ ಒಯ್ಯಿರಿ.