ಎಳೆಗೂಸಿನ ಕೆಂಪು ಗಂತಿ

ಹುಟ್ಟಿದಾಗ ಮೈಮೇಲೆ ಏನೂ ಕಾಣದ ಶಿಶುವಿಗೆ ಎರಡು ಮೂರು ವಾರಗಳಲ್ಲಿ ಕೆನ್ನೆಯ ಮೇಲೋ ರೆಪ್ಪೆಯ ಮೇಲೋ ಒಂದು ಕೆಂಪು ಚುಕ್ಕೆ ಮೂಡಿ, ನೋಡನೋಡುತ್ತಿದ್ದಂತೆ ಹಣ್ಣಿನಂತೆ ಉಬ್ಬುವುದುಂಟು. ಇದನ್ನು ಹುಟ್ಟುಮಚ್ಚೆಯೆಂದು ಬಗೆದು ಸುಮ್ಮನಿರುವವರೇ ಹೆಚ್ಚು. ವಾಸ್ತವವಾಗಿ ಇದು ರಕ್ತನಾಳಗಳ ಗಂತಿ. ವೈದ್ಯರು ಹೆಮಾಂಜಿಯೋಮ ಎನ್ನುತ್ತಾರೆ. 100 ಶಿಶುಗಳಲ್ಲಿ 4-5ಕ್ಕೆ ಇದು ಬರುತ್ತದೆ. ಹೆಣ್ಣುಮಕ್ಕಳಲ್ಲಿಯೂ, ತಿಂಗಳು ತುಂಬುವ ಮುನ್ನ ಹುಟ್ಟಿದವರಲ್ಲಿಯೂ ಅಧಿಕ.

ಇದು ಬೆಳೆಯುವ ಬಗೆಯನ್ನು ಅರಿಯಲು ಹಾಸನ ಜಿಲ್ಲೆಯ ನಾಲೆಗಳನ್ನು ನೆನೆಯೋಣ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನಿಂದ ಹೊರಟ ನಾಲೆಗಳು ಕವಲೊಡೆಯುತ್ತ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಲಗದ್ದೆಗಳಿಗೆ ನೀರೊಯ್ಯುತ್ತವೆ. ಕಲ್ಲು ಹಾಸಿದ ನಾಲೆಯಲ್ಲಿ ಸಂದುಗಳನ್ನು ಗಾರೆ ಹಿಡಿದಿಡದಿದ್ದರೆ ನೀರು ಸೋರಿಹೋದೀತು. ರಕ್ತನಾಳದ ಒಳಮೈಯೂ ಅಂತೆಯೇ. ಅಲ್ಲಿ ತೆಳುವಾದ ಜೀವಕೋಶಗಳನ್ನು ಒತ್ತೊತ್ತಾಗಿ ಹಾಸಿದೆ. ಅವುಗಳ ನಡುವಣ ಗಾರೆಯೇ ಕ್ಯಾಡ್‌ಹೆರಿನ್ ಎಂಬ ಪ್ರೋಟೀನು. ಕ್ಯಾಲ್ಸಿಯಂ ಇಲ್ಲದೆ ಈ ಗಾರೆ ಹಿಡಿಯದು. ಇಂಟೆಗ್ರಿನ್ ಎಂಬ ಬೇರೆ ಅಣುಗಳು ಕೋಶಗಳನ್ನು ಕೆಳಗಿನ ನೆಲಗಟ್ಟಿಗೆ ಬಿಗಿಯುತ್ತವೆ. ಉಪಮೆ ಇಲ್ಲಿಗೆ ಮುಗಿಯಿತು. ಗಾರೆ ಒಮ್ಮೆ ಗಟ್ಟಿಯಾದರೆ ಕದಲದು. ಜೀವಕೋಶದ ಅಂಟಾದರೋ ಸಮಯ ಬಂದಾಗ ಸಡಿಲುತ್ತದೆ, ಸಡಿಲಿದೆಡೆಯಲ್ಲಿ ಹೊಸ ಕವಲು ಮೊಳೆಯುತ್ತದೆ.

ಇ-ಸೆಲೆಕ್ಟಿನ್ ಎಂಬ ಮತ್ತೊಂದು ಅಂಟು ಅಣುವಿದೆ. ಉರಿಯೂತವಾದೆಡೆ ನಾಳದ ಒಳಮೈಯಲ್ಲಿ ಮೂಡಿ, ಹರಿದುಹೋಗುವ ಬಿಳಿಯ ರಕ್ತಕಣಗಳನ್ನು ಹಿಡಿದು ನಿಲ್ಲಿಸುವುದು ಇದರ ಕೆಲಸ. ಉರಿಯೂತದ ಈ ಅಣುವನ್ನು 1996ರಲ್ಲಿ ಬಾಸ್ಟನ್ನಿನ ಸಂಶೋಧಕರು ಬೆಳೆಯುತ್ತಿರುವ ಗಂತಿಯಲ್ಲಿ, ಅದೂ ಇಬ್ಭಾಗವಾಗುತ್ತಿರುವ ಕೋಶಗಳಲ್ಲಿ, ಕಂಡರು! ಗಂತಿಯ ಮೂಲಕೋಶಗಳು ಇದಕ್ಕೆ ಅಂಟಿಕೊಂಡು ನಾಳಗಳನ್ನು ಕಟ್ಟುವುದು ಅನಂತರ ಇಲಿಗಳ ಮೇಲಿನ ಪ್ರಯೋಗದಿಂದ ತಿಳಿಯಿತು.

ಬಹುಪಾಲು ಗಂತಿಗಳು ಐದನೆಯ ತಿಂಗಳ ವೇಳೆಗೆ ಬೆಳೆದು ನಿಂತು, ಕೆಲವು ವರ್ಷಗಳಲ್ಲಿ ತಾವಾಗಿಯೇ ಕುಗ್ಗುತ್ತವೆ. ಆದರೆ ರೆಪ್ಪೆಯ ಗಂತಿ ಕಣ್ಣನ್ನು ಮುಚ್ಚಿದರೆ ಮಿದುಳು ಆ ಕಣ್ಣನ್ನು ಬಳಸಲು ಕಲಿಯದು. ಗಂತಿ ಹೋದ ಮೇಲೂ ದೃಷ್ಟಿ ಮಂದವಾಗಿಯೇ ಉಳಿದೀತು. ಉಸಿರುನಾಳದೊಳಗೆ ಬೆಳೆದರಂತೂ ಪ್ರಾಣಕ್ಕೇ ಅಪಾಯ.

ಇದಕ್ಕೆ ಮದ್ದು ದೊರೆತುದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಮೂಗಿನ ಮೇಲೆ ಗಂತಿಯಿದ್ದ ಮಗುವೊಂದಕ್ಕೆ ಹೃದಯದ ತೊಂದರೆಗಾಗಿ ಪ್ರೊಪ್ರಾನೊಲಾಲ್ ಕೊಡಲಾಯಿತು. ಮರುದಿನವೇ ಗಂತಿಯ ಕಡುಗೆಂಪು ನೇರಳೆಗೆ ತಿರುಗಿ, ಅದು ಮೆತ್ತಗಾಯಿತು. ವೈದ್ಯೆ ಕ್ರಿಸ್ಟೀನ್ ಲೇಯೊತೆ-ಲಾಬ್ರೆಜ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಪ್ರಕಟಿಸಿದರು. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಿಗಳಿಗಾಗಿ ರೂಪಿಸಿದ ಔಷಧವಿದು. ರಕ್ತದ ಸಕ್ಕರೆಯನ್ನೂ ನಾಡಿಯ ವೇಗವನ್ನೂ ಇದು ತಗ್ಗಿಸಬಲ್ಲುದಾದ್ದರಿಂದ ಹಸಿದ ಮಗುವಿಗೆ ಕೊಡಲಾಗದು. ವೈದ್ಯರ ಕಣ್ಗಾವಲಿಲ್ಲದೆ ಕೊಡಲೇಬಾರದು.

ಗಂತಿ ಅತಿ ವೇಗದಿಂದ ಬೆಳೆಯುವುದು ಮೊದಲ ಮೂರು ತಿಂಗಳಲ್ಲಿ. ನಮ್ಮ ಮನೆಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಹೊಸಿಲು ದಾಟಿಸಲು ಹಿಂಜರಿಯುವ ಕಾಲವೂ ಅದೇ. ಹಾಸನದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅರಕಲಗೂಡಿನಿಂದಲೂ ಹೊಳೆನರಸೀಪುರದಿಂದಲೂ ಅಲ್ಲಿಗೆ ಸುಮಾರು ಒಂದು ಗಂಟೆಯ ಬಸ್ಸಿನ ಹಾದಿ.