ಬಾಯ್ದೆರೆದ ಚಿಪ್ಪು

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಬಯಲಿನಲ್ಲಿ ಏಡಿಯ ಸಾರೆಂದರೆ ಕೊತಕೊತನೆ ಕುದಿಯಲೇಬೇಕು. ಕರಾವಳಿಯ ಮರುವಾಯಿಯ ಮಾತೇ ಬೇರೆ. ಚಿಪ್ಪು ಬಾಯ್ದೆರೆದರೆ ಬೆಂದಿತೆಂದು ಬಗೆಯುವವರುಂಟು. 1988ರಲ್ಲಿ ಚೀನದ ಶಾಂಘೈ ನಗರದಲ್ಲಿ ಇಂಥದೇ ಅರೆಬೆಂದ ಚಿಪ್ಪುಜೀವಿಗಳಿಂದ ಹಬ್ಬಿದ ಕಾಮಾಲೆಗೆ ಸುಮಾರು 3 ಲಕ್ಷ ಮಂದಿ ತುತ್ತಾದರು. ಕೊಳಚೆ ಬೆರೆತ ಕಡಲಂಚಿನಿಂದ ಅವನ್ನು ತಂದಿದ್ದರು. ನೀರನ್ನು ಸೋಸಿ ಸೋಸಿ ಹೊಟ್ಟೆಹೊರೆಯುವ ಆ ಬಡಜೀವಿ, ಮನುಷ್ಯನ ಮಲದೊಡನೆ ಬಂದ ಹೆಪಟೈಟಿಸ್ ಎ ವೈರಸ್ಸನ್ನು ಒಡಲಲ್ಲಿ ಕೂಡಿಡುತ್ತದೆ. ತಾನು ಮಾತ್ರ ಬಳಲದು. ತಪ್ಪು ಅದರದೆನ್ನೋಣವೆ? ಹೊಳೆಗೂ ಕಡಲಿಗೂ ಕೊಳಚೆ ಹರಿಸಿದವರು ನಾವು. ಆ ವೈರಸ್ಸು ಅಳಿಯಬೇಕಾದರೆ ಮಾಂಸದ ಒಳಭಾಗವೇ 90 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 90 ಸೆಕೆಂಡು ಬೇಯಬೇಕು. ಚಿಪ್ಪಾದರೋ ಅದಕ್ಕೆ ಮೊದಲೇ ತೆರೆದುಕೊಂಡಿರುತ್ತದೆ. ಈಗ ಕಡಲ ಸರಕು ಮಂಜುಗಡ್ಡೆಯಲ್ಲಿ ಹುದುಗಿ, ಘಟ್ಟ ಹತ್ತಿ, ಕೃಷ್ಣರಾಜಪೇಟೆ, ನಾಗಮಂಗಲಗಳಂಥ ಒಳನಾಡಿಗೂ ಬರಬಲ್ಲದು. ಮಂಜುಗಡ್ಡೆ ಈ ವೈರಸ್ಸನ್ನು ಕೊಲ್ಲದು.